ಲಡ್ಲೋ: ಸಂತೆಯ ಊರಿನಲ್ಲಿ ಶ್ರೀರಂಗಪಟ್ಟಣದ ಸುದ್ದಿ

ಇಂಗ್ಲೆಂಡಿನ ಪಶ್ಚಿಮ ಅಂಚಿನಲ್ಲಿ, ವೇಲ್ಸ್ ಗಡಿಗೆ ಹತ್ತಿರದ ಶ್ರಾಪ್‌ಷೈರ್ ಕೌಂಟಿಯಲ್ಲಿ, ಟೀಮ್ ನದಿ ಬಳಸಿಕೊಂಡು ಹರಿಯುವ ಗುಡ್ಡವೊಂದರ ಮೇಲೆ ಲಡ್ಲೋ ಪಟ್ಟಣವಿದೆ. ಜನಸಂಖ್ಯೆ ಹತ್ತು ಸಾವಿರದ ಆಸುಪಾಸು. ನಮ್ಮ ಕಡೆ ಇಷ್ಟು ಜನರಿದ್ದರೆ ಅದನ್ನು ದೊಡ್ಡ ಹಳ್ಳಿ ಎಂದು ಕರೆದು ಸುಮ್ಮನಾಗುತ್ತೇವೆ; ಇಲ್ಲಿ ಮಾತ್ರ ಕೋಟೆಯೊಂದು, ಕ್ಯಾಥೆಡ್ರಲ್ಲಿನಷ್ಟು ಎತ್ತರದ ಚರ್ಚೊಂದು, ಸಂರಕ್ಷಿತ ಪಟ್ಟಿಗೆ ಸೇರಿದ ಸುಮಾರು 500 ಕಟ್ಟಡಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಬರ್ಮಿಂಗ್‌ಹ್ಯಾಮಿನಲ್ಲಿರುವ ಮಗಳ ಮನೆಗೆ ಹೋದವರು ಸಾಮಾನ್ಯವಾಗಿ ನೋಡುವ ಲಂಡನ್, ಆಕ್ಸ್‌ಫರ್ಡ್, ಸ್ಟ್ರ್ಯಾಟ್‌ಫರ್ಡ್‌ಗಳನ್ನೆಲ್ಲ ನಾವೂ ನೋಡಿದೆವು. ಅವುಗಳ ಬಗ್ಗೆ ಬರೆಯುವವರಿಗೆ ಕೊರತೆಯಿಲ್ಲ. ಶ್ರೂಸ್‌ಬರಿಯಲ್ಲಿ ರೈಲು ಬದಲಿಸಿ, ಅಲ್ಲಿಂದ ಅರ್ಧ ಗಂಟೆಯಷ್ಟು ದಕ್ಷಿಣಕ್ಕೆ ಬಂದು ತಲುಪಿದ ಈ ಊರಿನ ಬಗ್ಗೆ ಬರೆಯಲು ನನಗೆ ಬೇರೆಯದೇ ಕಾರಣವಿದೆ.

ಕೋಟೆಯ ಹೆಬ್ಬಾಗಿಲಿನ ಎದುರಿಗೇ ಸಂತೆಯ ಚೌಕ. ಸೋಮವಾರ, ಬುಧವಾರ, ಶುಕ್ರವಾರ ಮತ್ತು ಶನಿವಾರ ಅಲ್ಲಿ ಸಂತೆ ಕೂಡುತ್ತದೆ. ತರಕಾರಿ, ಬ್ರೆಡ್ಡು, ಹೂವಿನ ಸಸಿ, ಹಳೆಯ ಪುಸ್ತಕ, ಹಿತ್ತಾಳೆಯ ಸಾಮಾನು ಎಲ್ಲವೂ ಬರುತ್ತವೆ. ಕೂಗಾಟ ಮಾತ್ರ ಇಲ್ಲ, ಚೌಕಾಸಿಯಂತೂ ಇಲ್ಲವೇ ಇಲ್ಲ. ಮೊದಲಿಗೆ ಈ ಸಂತೆಬೀದಿ ಕೋಟೆಯಿಂದ ಪೂರ್ವಕ್ಕೆ ಊರಿನ ಇನ್ನೊಂದು ತುದಿಯವರೆಗೆ ಅಗಲವಾಗಿ ಚಾಚಿತ್ತು. ದಿನದ ಮಟ್ಟಿಗೆ ಹಾಕಿಕೊಂಡ ಅಂಗಡಿಗಳು ಕ್ರಮೇಣ ಬೇರೂರಿ, ಮರದ ಚೌಕಟ್ಟಿನ ಮನೆಗಳಾಗಿ, ಮಧ್ಯದಲ್ಲಿ ಇಬ್ಬರು ಎದುರಾದರೆ ಒಬ್ಬರು ಸರಿದು ನಿಲ್ಲಬೇಕಾದಂಥ ಸಂದಿಗಳನ್ನು ಉಳಿಸಿದವು. ಒತ್ತುವರಿ ಎಂಬುದಕ್ಕೆ ಏಳೆಂಟು ನೂರು ವರ್ಷ ತುಂಬಿದರೆ ಅದನ್ನು ಪರಂಪರೆ ಎಂದು ಕಾಪಾಡುತ್ತಾರೆ ಎಂಬುದನ್ನು ಇಲ್ಲಿ ಕಣ್ಣಾರೆ ಕಂಡೆ. ಪ್ರವಾಸಿಗರು ಮುಗಿಬಿದ್ದು ಚಿತ್ರ ತೆಗೆಯುವುದು 1619ರಲ್ಲಿ ಕಟ್ಟಿದ ಫೆದರ್ಸ್ ಹೋಟೆಲಿನ ಮುಂಭಾಗವನ್ನು. ಕಪ್ಪು ಮರದ ಕೆತ್ತನೆ ಇಂಚಿಂಚೂ ಬಿಡದೆ ತುಂಬಿಕೊಂಡಿರುವ ಆ ಗೋಡೆ ನನಗೆ ಅತಿಯಾಯಿತು. ಅದರ ಬದಲು ಬಟರ್‌ಕ್ರಾಸ್ ಕಟ್ಟಡದ ಕಂಬಗಳ ಕೆಳಗೆ ನಿಂತು, ಹಳೆಯ ಊರಬಾಗಿಲಿನವರೆಗೆ ಇಳಿಜಾರಾಗಿ ಹೋಗುವ ಬ್ರಾಡ್ ಸ್ಟ್ರೀಟನ್ನು ನೋಡಬೇಕು. ಇಟ್ಟಿಗೆಯ ಸಾದಾ ಮನೆಗಳು, ಅಳೆದಿಟ್ಟಂಥ ಕಿಟಕಿಗಳು, ಬೀದಿಯ ಕೊನೆಯಲ್ಲಿ ಹಸಿರು ಬೆಟ್ಟ. ಇದಕ್ಕಿಂತ ಚೆಂದದ ಬೀದಿಯನ್ನು ನಾನು ಆ ದೇಶದಲ್ಲಿ ನೋಡಲಿಲ್ಲ.

ಊಟದ ವಿಷಯದಲ್ಲಿ ಲಡ್ಲೋಗೆ ದೊಡ್ಡ ಹೆಸರಿದೆ. 1995ರಿಂದ ಇಲ್ಲಿ ಆಹಾರ ಉತ್ಸವ ನಡೆಯುತ್ತಿದೆ, ಬೇರೆ ಊರುಗಳಿಂದ ಜನ ಇಲ್ಲಿನ ಸಾಸೇಜಿಗೆಂದೇ ಬರುತ್ತಾರೆ. ಸಸ್ಯಾಹಾರಿಗಳಾದ ನಮಗೆ ಆ ಹೆಸರಿನಿಂದ ಆದ ಪ್ರಯೋಜನ ಅಷ್ಟಕ್ಕಷ್ಟೆ. ಅದಕ್ಕಿಂತ ಮನಸ್ಸಿನಲ್ಲಿ ಇನ್ನೂ ಕೊರೆಯುತ್ತಿರುವುದು, ನದಿದಂಡೆ ಸುತ್ತಿ ಬಂದು ಹಸಿದು ಒಂದು ಪಬ್ಬಿನೊಳಗೆ ಕಾಲಿಟ್ಟಾಗ ಸಿಕ್ಕ ಉತ್ತರ. ಬಾಗಿಲು ತೆರೆದಿತ್ತು, ಬೆಂಕಿ ಉರಿಯುತ್ತಿತ್ತು, ಮೇಜುಗಳು ಖಾಲಿ ಇದ್ದವು. ಆದರೆ ಅಡುಗೆಮನೆ ಎರಡೂವರೆಗೆ ಮುಚ್ಚಿತಂತೆ, ಮತ್ತೆ ತೆರೆಯುವುದು ಆರಕ್ಕಂತೆ. ಗಡಿಯಾರದಲ್ಲಿ ಎರಡು ಮೂವತ್ತೈದು. ಒಂದು ತುಂಡು ಬ್ರೆಡ್ಡನ್ನಾದರೂ ಕೊಡಿ ಎಂದರೆ ಆಲೂಗಡ್ಡೆ ಚಿಪ್ಸಿನ ಪೊಟ್ಟಣ ತೋರಿಸಿದರು. ಈ ಕಡೆ ಹೋಗುವವರು ಒಂದು ಗಂಟೆಗೇ ಊಟಕ್ಕೆ ಕುಳಿತುಬಿಡುವುದು ಕ್ಷೇಮ. ಚೀಸ್ ಕೊಳ್ಳುವವರು ಹಾಲು ಒಡೆಸಲು ಏನು ಬಳಸಿದ್ದಾರೆಂದು ಕೇಳಿಕೊಳ್ಳಬೇಕು, ಏಕೆಂದರೆ ಸಾಂಪ್ರದಾಯಿಕ ಚೀಸುಗಳಲ್ಲಿ ಅನೇಕಕ್ಕೆ ಕರುವಿನ ಜಠರದ ಸಾರವನ್ನು ಹಾಕುತ್ತಾರೆ.

ಕೋಟೆಯನ್ನು 11ನೆಯ ಶತಮಾನದ ಕೊನೆಯಲ್ಲಿ ಡಿ ಲೇಸಿ ಎಂಬ ನಾರ್ಮನ್ ಮನೆತನದವರು ಕಟ್ಟಲು ಆರಂಭಿಸಿದರು. ಮುಂದೆ ವೇಲ್ಸ್ ಮತ್ತು ಗಡಿನಾಡನ್ನು ಆಳುವ ಮಂಡಳಿಗೆ ಇದೇ ರಾಜಧಾನಿಯಂತಾಯಿತು. ಇಂಗ್ಲೆಂಡಿನ ರಾಜ ಏಳನೆಯ ಹೆನ್ರಿಯ ಹಿರಿಯ ಮಗ ಆರ್ಥರ್ ಹೊಸ ಮಡದಿ ಕ್ಯಾಥರೀನಳೊಂದಿಗೆ ಬಂದು ಇಲ್ಲಿಯೇ 1502ರ ಏಪ್ರಿಲಿನಲ್ಲಿ ತೀರಿಕೊಂಡ. ಆ ವಿಧವೆಯನ್ನು ಅವನ ತಮ್ಮ ಎಂಟನೆಯ ಹೆನ್ರಿ ಮದುವೆಯಾಗಿ, ಮುಂದೆ ಅವಳನ್ನು ಬಿಡಲು ಹೊರಟು ಪೋಪನನ್ನೇ ಎದುರುಹಾಕಿಕೊಂಡ ರಾದ್ಧಾಂತ ಚರಿತ್ರೆಯಲ್ಲಿ ಪ್ರಸಿದ್ಧ. 1689ರಲ್ಲಿ ಮಂಡಳಿ ರದ್ದಾದ ಮೇಲೆ ಕೋಟೆ ಪಾಳುಬಿತ್ತು. ಒಳಗಿನ ಅಂಗಳದಲ್ಲಿರುವ, 12ನೆಯ ಶತಮಾನದ ದುಂಡನೆಯ ಪ್ರಾರ್ಥನಾ ಮಂದಿರವನ್ನು ಮಾತ್ರ ಯಾರೂ ತಪ್ಪಿಸಿಕೊಳ್ಳಬಾರದು. ಅದರ ಗೋಡೆಯ ಬುಡದಲ್ಲಿ ಕುಳಿತು ಕೋಟೆಯ ಕಥೆ ಓದುತ್ತಿದ್ದಾಗ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. 1811ರಲ್ಲಿ ಈ ಕೋಟೆಯನ್ನು ರಾಜಸತ್ತೆಯಿಂದ ಕೊಂಡವನು ಪೊವಿಸ್‌ನ ಅರ್ಲ್ ಎಂಬ ಬಿರುದಿನ ಶ್ರೀಮಂತ. ಇಂದಿಗೂ ಒಡೆತನ ಆ ಮನೆತನದ್ದೇ. ಆ ಅರ್ಲ್‌ನ ಹೆಸರು ಎಡ್ವರ್ಡ್ ಕ್ಲೈವ್. ಪ್ಲಾಸಿ ಕದನದ ರಾಬರ್ಟ್ ಕ್ಲೈವನ ಹಿರಿಯ ಮಗ, 1774ರಿಂದ 1794ರವರೆಗೆ ಇದೇ ಲಡ್ಲೋದ ಪಾರ್ಲಿಮೆಂಟ್ ಸದಸ್ಯ, 1798ರಿಂದ 1803ರವರೆಗೆ ಮದರಾಸಿನ ಗವರ್ನರ್. ಎಂದರೆ, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಸೇಂಟ್ ಜಾರ್ಜ್ ಕೋಟೆಯ ಅಧಿಕಾರದಲ್ಲಿ ಇದ್ದವನು. ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿರುವ ಕೋಟೆಯೊಂದು ನೆಲಕ್ಕುರುಳಿದ ಕಾಲದ ಗವರ್ನರ್, ಊರಿಗೆ ಮರಳಿದ ಮೇಲೆ ಕೊಂಡ ಕೋಟೆಯಲ್ಲಿ ನಾನು ಟಿಕೆಟ್ ತೆಗೆದುಕೊಂಡು ಕುಳಿತಿದ್ದೆ.

ಇದೇ ಗುಂಗಿನಲ್ಲಿ ಸೇಂಟ್ ಲಾರೆನ್ಸ್ ಚರ್ಚಿಗೆ ಹೋದೆ. ಅಲ್ಲಿ ಗಾಯಕರು ಕೂರುವ ಭಾಗದಲ್ಲಿ ಮಡಚುವ ಮರದ ಪೀಠಗಳಿವೆ. ದೀರ್ಘ ಪ್ರಾರ್ಥನೆಯ ಹೊತ್ತಿನಲ್ಲಿ ನಿಂತಂತೆ ಕಾಣುತ್ತಲೇ ಬೆನ್ನಿಗೆ ಆಸರೆ ಪಡೆಯಲು, ಮಡಚಿದ ಪೀಠದ ಅಡಿಯಲ್ಲಿ ಸಣ್ಣ ಚಾಚು ಬಿಟ್ಟಿದ್ದಾರೆ. ಅಂಥ 28 ಪೀಠಗಳ ಅಡಿಯಲ್ಲಿ ಮಧ್ಯಯುಗದ ಬಡಗಿಗಳು ತಮಗೆ ತೋಚಿದ್ದನ್ನೆಲ್ಲ ಕೆತ್ತಿದ್ದಾರೆ. ಸ್ವಯಂಸೇವಕರಾಗಿದ್ದ ವೃದ್ಧರೊಬ್ಬರು, ಹಿಂದೆ ಇದೇ ಸೀಮೆಯಲ್ಲಿ ಕುರಿ ಸಾಕಿದ್ದವರಂತೆ, ಟಾರ್ಚು ಹಿಡಿದು ಒಂದೊಂದನ್ನೇ ತೋರಿಸಿದರು. ಅವರಿಗೆ ಪ್ರಿಯವಾದದ್ದು ಬಿಯರ್ ಮಾರುವ ಹೆಂಗಸಿನ ಕೆತ್ತನೆ. ಅಳತೆಯಲ್ಲಿ ಮೋಸ ಮಾಡಿದ ಅವಳನ್ನು ದೆವ್ವವೊಂದು ಹೆಗಲ ಮೇಲೆ ಹೊತ್ತು ನರಕದ ಬಾಯಿಗೆ ಎಸೆಯಲು ಹೊರಟಿದೆ, ಮೋಸದ ಪಾತ್ರೆ ಇನ್ನೂ ಅವಳ ಕೈಯಲ್ಲಿದೆ, ಇನ್ನೊಂದು ದೆವ್ವ ಚೀಲವಾದ್ಯ ಊದುತ್ತಿದೆ, ಮತ್ತೊಂದು ಅವಳ ಪಾಪಗಳ ಪಟ್ಟಿಯನ್ನು ಓದುತ್ತಿದೆ.

"ಭಾರತದಲ್ಲಿ ಯಾವ ಊರು ನಿಮ್ಮದು?" ಎಂದು ಅವರು ಕೇಳಿದರು. ಮೈಸೂರು ಎಂದೆ. ಟಾರ್ಚು ಆರಿಸಿ ನನ್ನ ಕಡೆ ತಿರುಗಿದರು.

"ಹಾಗಾದರೆ ನಿಮ್ಮವರದೊಂದು ಗುಡಾರ ಇಲ್ಲೇ ನಮ್ಮ ನೆರೆಯಲ್ಲಿದೆ. ನೋಡಿದ್ದೀರಾ?"

ಪೊವಿಸ್ ಕೋಟೆಯಲ್ಲಿರುವ ಟಿಪ್ಪು ಸುಲ್ತಾನನ ಗುಡಾರದ ವಿಷಯ ಅದು. ಚಿಕ್ಕವರಿದ್ದಾಗ ಶಾಲೆಯಿಂದ ಕರೆದುಕೊಂಡು ಹೋಗಿ ತೋರಿಸಿದ್ದರಂತೆ. ಒಂದು ಕಾಲದಲ್ಲಿ ಅದನ್ನು ಅರ್ಲ್ ಮನೆಯವರು ತೋಟದಲ್ಲಿ ಎತ್ತಿ ನಿಲ್ಲಿಸಿ ಔತಣ ಮಾಡುತ್ತಿದ್ದರಂತೆ. "ಅದು ಯುದ್ಧದಲ್ಲಿ ಸಿಕ್ಕಿದ್ದು ಎಂದರು ಮೇಷ್ಟ್ರು. ಸಿಕ್ಕಿದ್ದು ಎಂದರೆ ದಾರಿಯಲ್ಲಿ ಬಿದ್ದಿತ್ತೇನೋ ಎಂದುಕೊಂಡಿದ್ದೆ" ಎಂದು ನಕ್ಕರು. ಬಳಿಕ, ಮೈಸೂರಿನ ಜನಕ್ಕೆ ಆ ಸೋಲು ಇನ್ನೂ ನೋವಿನ ನೆನಪೇ ಎಂದು ಕೇಳಿದರು.

ಅದಕ್ಕೆ ಒಂದೇ ಮಾತಿನ ಉತ್ತರ ನನ್ನಲ್ಲಿರಲಿಲ್ಲ. ಟಿಪ್ಪುವನ್ನು ವೀರನೆಂದು ನೆನೆಯುವವರೂ ಅವನ ಹೆಸರೆತ್ತಿದರೆ ಸಿಡಿಮಿಡಿಗೊಳ್ಳುವವರೂ ನಮ್ಮಲ್ಲಿ ಒಂದೇ ಬೀದಿಯಲ್ಲಿ ಇದ್ದಾರೆ, ಅವನು ಸತ್ತ ಮರುತಿಂಗಳೇ ಇನ್ನೂ ಐದು ವರ್ಷ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಗದ್ದುಗೆಯ ಮೇಲೆ ಕೂರಿಸಿದವರು ಇದೇ ಇಂಗ್ಲಿಷರು, ಆದ್ದರಿಂದ ಸೋತವರು ಯಾರು, ಗೆದ್ದವರು ಯಾರು ಎಂಬುದು ನೀವು ಯಾರ ಮನೆಯ ಜಗಲಿಯಲ್ಲಿ ಕುಳಿತು ಕೇಳುತ್ತೀರಿ ಎಂಬುದರ ಮೇಲೆ ಹೋಗುತ್ತದೆ ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ವಿವರಿಸಿದೆ. ಆದರೆ ಲೂಟಿಯ ವಿಷಯದಲ್ಲಿ ಅಂಥ ಎರಡು ಅಭಿಪ್ರಾಯ ನನಗಿಲ್ಲ ಎಂದೂ ಸೇರಿಸಿದೆ.

ಅವರು ಅದನ್ನು ಒಪ್ಪಿಕೊಂಡರು. ಶ್ರೂಸ್‌ಬರಿಯ ಚೌಕದಲ್ಲಿ ರಾಬರ್ಟ್ ಕ್ಲೈವನ ಪ್ರತಿಮೆ ಇದೆಯೆಂದೂ, 2020ರಲ್ಲಿ ಅದನ್ನು ತೆಗೆಯಬೇಕೆಂದು ಸಾವಿರಾರು ಜನ ಸಹಿ ಹಾಕಿದರೂ ಕೌನ್ಸಿಲ್ಲು ಉಳಿಸಿಕೊಂಡಿತೆಂದೂ ಹೇಳಿದರು. ತೆಗೆಯಬೇಕಿತ್ತೇ ಎಂದು ಕೇಳಿದ್ದಕ್ಕೆ ನೇರ ಉತ್ತರ ಕೊಡಲಿಲ್ಲ. ಮತ್ತೆ ಟಾರ್ಚು ಹೊತ್ತಿಸಿ ಬಿಯರಿನ ಹೆಂಗಸಿನ ಮೇಲೆ ಬೆಳಕು ಬಿಟ್ಟು, "ಇವಳು ಬಹುಶಃ ಒಂದು ಗುಟುಕು ಕಡಿಮೆ ಸುರಿದಿದ್ದಳು, ನೋಡಿ ಏನು ಗತಿ. ಆ ಕ್ಲೈವ್‌ಗಳಿಗೆ ನಾವು ಪಾರ್ಲಿಮೆಂಟಿನ ಸೀಟು ಕೊಟ್ಟೆವು" ಎಂದರು. ಅಷ್ಟರಲ್ಲಿ ಬೇರೊಂದು ಗುಂಪು ಬಂತು. ವೃದ್ಧರು ಅದೇ ಕೆತ್ತನೆಯನ್ನು ಮೊದಲಿನಿಂದ ವಿವರಿಸತೊಡಗಿದರು, ಸೀಟಿನ ಮಾತು ಮಾತ್ರ ಈ ಸಲ ಬರಲಿಲ್ಲ.

ಹೊರಡುವ ಮುನ್ನ ಅವರು ಕೊಟ್ಟ ಇನ್ನೊಂದು ಸುಳಿವನ್ನು ಹಿಡಿದು ಮರುದಿನ ಬ್ರಾಮ್‌ಫೀಲ್ಡ್ ಹಳ್ಳಿಯ ಕಡೆ ನಡೆದೆವು. ಲಡ್ಲೋದಿಂದ ಸುಮಾರು ನಾಲ್ಕು ಕಿಲೋಮೀಟರು. ಹೆದ್ದಾರಿ ಬೇಡವೆಂದರೆ, ಕೋಟೆಯ ಕೆಳಗಿನ ಡಿನ್ಹಮ್ ಸೇತುವೆಯನ್ನು ದಾಟಿ ಹೊಲಗಳ ನಡುವಿನ ಕಾಲುದಾರಿ ಹಿಡಿಯಬಹುದು. ಇಂಗ್ಲೆಂಡಿನ ಈ ಕಾಲುದಾರಿಗಳಿಗೆ ನಾನು ಮಾರುಹೋದೆ. ಹೊಲ ಖಾಸಗಿಯವರದು, ಬೆಳೆ ಅವರದು, ಮೇಯುವ ಕುರಿ ಅವರದು. ಆದರೆ ಅದರ ಮಧ್ಯೆ ಹಿಂದಿನಿಂದ ಬಂದ ದಾರಿಯಲ್ಲಿ ನಡೆಯುವ ಹಕ್ಕು ಕಾನೂನಿನ ಪ್ರಕಾರ ಎಲ್ಲರದು. ಹಳದಿ ಬಾಣದ ಗುರುತು ನೋಡಿಕೊಂಡು ಹೋದರೆ, ದನ ದಾಟದಂತೆ ಮನುಷ್ಯ ಮಾತ್ರ ನುಸುಳುವ ಗೇಟುಗಳು ಸಿಗುತ್ತವೆ. ತೆರೆದ ಗೇಟನ್ನು ಮುಚ್ಚಿ ಹೋಗುವುದಷ್ಟೇ ನಮ್ಮ ಹೊಣೆ. ಮಳೆ ನಿಂತು ಎರಡು ದಿನವಾಗಿದ್ದರೂ ಕೆಸರು ಹಾಗೇ ಇತ್ತು, ನನ್ನ ಹೆಂಡತಿಯ ಚಪ್ಪಲಿಯ ಪಟ್ಟಿ ಅಲ್ಲೇ ಕಿತ್ತುಬಂತು. ಹಿಮ್ಮಡಿ ಮುಚ್ಚುವ ಬೂಟಿಲ್ಲದೆ ಆ ಕಡೆ ಯಾರೂ ಕಾಲಿಡಬೇಡಿ.

ಬ್ರಾಮ್‌ಫೀಲ್ಡಿನ ಪಕ್ಕದಲ್ಲಿ, ಹಳೆಯ ಓಕ್ ಮರಗಳ ನಡುವೆ ಓಕ್ಲಿ ಪಾರ್ಕ್ ಎಂಬ ಬಂಗಲೆಯಿದೆ. 1758ರಲ್ಲಿ ಅಲ್ಲಿ ಹುಟ್ಟಿದ ಹೆನ್ರಿಯೆಟಾ ಹರ್ಬರ್ಟ್ ಮುಂದೆ ಎಡ್ವರ್ಡ್ ಕ್ಲೈವನ ಹೆಂಡತಿಯಾದಳು. ಗಂಡನೊಂದಿಗೆ ಮದರಾಸಿಗೆ ಬಂದ ಆಕೆ ಗವರ್ನರ್ ಮನೆಯಲ್ಲಿ ಸುಮ್ಮನೆ ಕೂರಲಿಲ್ಲ. 1800ರಲ್ಲಿ ಇಬ್ಬರು ಹೆಣ್ಣುಮಕ್ಕಳನ್ನೂ ಅವರಿಗೆ ಚಿತ್ರಕಲೆ ಕಲಿಸುತ್ತಿದ್ದ ಇಟಲಿಯ ಆನಾ ಟೊನೆಲ್ಲಿಯನ್ನೂ ಕರೆದುಕೊಂಡು, ಗಂಡನನ್ನು ಮದರಾಸಿನಲ್ಲೇ ಬಿಟ್ಟು, ಬೆಂಗಳೂರು, ಶ್ರೀರಂಗಪಟ್ಟಣ, ತಂಜಾವೂರುಗಳನ್ನು ಸುತ್ತುವ ತಿಂಗಳುಗಟ್ಟಲೆಯ ಪ್ರಯಾಣ ಮಾಡಿದಳು. ಕಿರಿಯ ಮಗಳು ಷಾರ್ಲಟ್ ಆಗ ಹನ್ನೆರಡು ಹದಿಮೂರರ ಹುಡುಗಿ; ದಾರಿಯುದ್ದಕ್ಕೂ ಕಂಡದ್ದನ್ನು ಬರೆದಿಟ್ಟಳು, ದೊಡ್ಡವಳಾದ ಮೇಲೆ ವಿಕ್ಟೋರಿಯಾ ರಾಣಿಗೆ ಬಾಲ್ಯದಲ್ಲಿ ಮೇಲ್ವಿಚಾರಕಿಯಾದಳು. ಬೇಟೆಯಾಡಿದ ಗಂಡಸರ ಕಥೆಗಳೇ ತುಂಬಿರುವ ಆ ಕಾಲದ ದಾಖಲೆಗಳ ನಡುವೆ, ಟಿಪ್ಪು ಸತ್ತು ವರ್ಷ ತುಂಬುವಷ್ಟರಲ್ಲಿ ಮಕ್ಕಳನ್ನು ಕಟ್ಟಿಕೊಂಡು ಕಾವೇರಿಯ ಕಡೆ ಹೊರಟ ಈ ಹೆಂಗಸಿನ ಬಗ್ಗೆ ನನಗೆ ಕುತೂಹಲವೂ, ಅವಳು ಯಾವ ಪಕ್ಷದವಳು ಎಂಬುದು ಗೊತ್ತಿದ್ದೂ ಸ್ವಲ್ಪ ಮೆಚ್ಚುಗೆಯೂ ಉಂಟಾಯಿತು. ಬಂಗಲೆಯ ಒಳಗೆ ಪ್ರವೇಶವಿಲ್ಲ. ಹಳ್ಳಿಯ ಚರ್ಚಿನಲ್ಲಿ 1672ರಲ್ಲಿ ಬಣ್ಣ ಬಳಿದ ಛಾವಣಿಯೊಂದಿದೆ, ಮೋಡಗಳ ನಡುವೆ ಗುಂಡು ಗುಂಡಾದ ದೇವದೂತರು. ಕುತ್ತಿಗೆ ನೋಯಿಸಿಕೊಂಡು ನೋಡುವಷ್ಟೇನೂ ಇಲ್ಲ.

ಮರಳುವಾಗ ನದಿಯಾಚೆಯ ವಿಟ್‌ಕ್ಲಿಫ್ ಗುಡ್ಡ ಹತ್ತಿದೆವು. ಕೋಟೆ, ಚರ್ಚಿನ ಗೋಪುರ, ಸಂತೆಯ ಚೌಕ ಎಲ್ಲ ಒಂದೇ ನೋಟಕ್ಕೆ ಸಿಗುವುದು ಇಲ್ಲಿಂದ. ಕಾಲ ಕೆಳಗಿನ ಬೂದು ಕಲ್ಲು ಸುಮಾರು 42 ಕೋಟಿ ವರ್ಷಗಳ ಹಿಂದಿನ ಸಮುದ್ರದ ತಳ. ಭೂವಿಜ್ಞಾನಿಗಳು ಆ ಯುಗಭಾಗಕ್ಕೆ ಲಡ್ಲೋ ಎಂದೇ ಹೆಸರಿಟ್ಟಿದ್ದಾರೆ.

ಪೊವಿಸ್ ಕೋಟೆ ಗಡಿಯಾಚೆ, ವೇಲ್ಸಿನ ವೆಲ್ಷ್‌ಪೂಲ್ ಊರಿನ ಹೊರವಲಯದಲ್ಲಿದೆ. ಶ್ರೂಸ್‌ಬರಿಗೆ ಹಿಂತಿರುಗಿ ಅಲ್ಲಿಂದ ಬೇರೆ ರೈಲು ಹಿಡಿಯಬೇಕು. ಕೆಂಪು ಕಲ್ಲಿನ ಕೋಟೆ, ಅದರ ಬುಡದಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ, ಬೆಟ್ಟದ ಹಾಗೆ ಕತ್ತರಿಸಿದ ಯೂ ಮರಗಳು. ಜನ ಬರುವುದು ಹೆಚ್ಚಾಗಿ ಅವುಗಳಿಗೆ. ಕ್ಲೈವ್ ಸಂಗ್ರಹಾಲಯದಲ್ಲಿ ಟಿಪ್ಪುವಿನ ಸಿಂಹಾಸನದಿಂದ ಕಿತ್ತ, ಹರಳು ಕೂರಿಸಿದ ಚಿನ್ನದ ಹುಲಿಮುಖವೊಂದಿದೆ. ಅದರ ಮುಂದೆ ಗುಂಪು ಗುಂಪಾಗಿ ನಿಲ್ಲುತ್ತಾರೆ. ನನಗೆ ಅದಕ್ಕಿಂತ ಹೆಚ್ಚಾಗಿ ಹಿಡಿಸಿದ್ದು ಗುಡಾರವೇ. ಯುದ್ಧದ ಗುಡಾರವೆಂದರೆ ದಪ್ಪ ಕಿತ್ತಾನಿನ ಮೇಲೆ ಹುಲಿಪಟ್ಟೆ ಇರಬಹುದೆಂದು ನಿರೀಕ್ಷಿಸಿದ್ದೆ. ಕಣ್ಣೆದುರಿಗಿದ್ದುದು ಬಿಳಿಯ ಹತ್ತಿ ಬಟ್ಟೆ. ಅದರ ಮೇಲೆ ಕಮಾನುಗಳ ಸಾಲು, ಪ್ರತಿ ಕಮಾನಿನೊಳಗೆ ಹೂದಾನಿ, ಹೂದಾನಿಯಿಂದ ಎದ್ದು ಹರಡಿದ ಕೆಂಪು ಹೂ, ಹಸಿರು ಎಲೆ. ಬೆಳಕು ಬಣ್ಣವನ್ನು ತಿನ್ನದಿರಲೆಂದು ದೀಪ ಸಣ್ಣದಾಗಿಟ್ಟಿದ್ದರೂ ಆ ಕೆಂಪು ನಿನ್ನೆ ಹಚ್ಚಿದಂತೆ ಕಾಣುತ್ತಿತ್ತು. ಬಟ್ಟೆ ತಯಾರಾದದ್ದು 18ನೆಯ ಶತಮಾನದ ಮೊದಲರ್ಧದಲ್ಲಿ, ಮೊಗಲ್ ಶೈಲಿಯಲ್ಲಿ. ಟಿಪ್ಪು ಹುಟ್ಟಿದ್ದು 1751ರಲ್ಲಿ. ಹಾಗಾದರೆ ಅವನೂ ಈ ಗುಡಾರದ ಮೊದಲ ಒಡೆಯನಲ್ಲ. ಚರ್ಚಿನ ಆ ಹಿರಿಯರಿಗೆ ಇದನ್ನು ಹೇಳಬೇಕೆನ್ನಿಸಿತು. ಅವರಿದ್ದರೆ ಇದಕ್ಕೂ ಒಂದು ಮಾತು ಹುಡುಕುತ್ತಿದ್ದರು.

ಪೊವಿಸ್‌ಗೆ ಹೋಗುವ ಕನ್ನಡಿಗರು ಮೊದಲು ಸಂಗ್ರಹಾಲಯಕ್ಕೇ ಹೋಗಬೇಕು. ಒಳಗಿನ ಕೋಣೆಗಳನ್ನು ತೋಟಕ್ಕಿಂತ ಮೊದಲೇ ಮುಚ್ಚುತ್ತಾರೆ, ಯೂ ಮರಗಳನ್ನು ಆಮೇಲೆ ನೋಡಿಕೊಳ್ಳಬಹುದು.