ಟ್ಯೂಬ್ ಬದಲಾಗಿರಲಿಲ್ಲ

ಲ್ಯಾಬ್ ಮೀಟಿಂಗ್‌ನಲ್ಲಿ ಎಲ್ಲರೆದುರು ನಾನು ಆಡಿದ ಮಾತು ಇವತ್ತಿಗೂ ಚುಚ್ಚುತ್ತದೆ. “ಇದು ಕಂಟಾಮಿನೇಷನ್, ಬೇರೆಯದರ ಡಿಎನ್‌ಎ ಬೆರೆತಿದೆ. ಮೊದಲಿಂದ ಮತ್ತೆ ಮಾಡಿ.”

ಕೊಳೆತ ದಿಮ್ಮಿ ಮೇಲೆ ಬೆಳೆದಿದ್ದ ಅಣಬೆ ಅದು. ಗಿಲ್‌ಗಳ, ಅಂದರೆ ಕೊಡೆಯಡಿಯ ತೆಳು ಪದರಗಳ, ಅಂಚು ಗರಗಸದ ಹಲ್ಲಿನ ಹಾಗಿತ್ತು. ಉದುರಿದ ಸ್ಪೋರ್‌ಗಳ (ಬೀಜಕಣಗಳ) ಅಚ್ಚು, ಅಂದರೆ ಸ್ಪೋರ್ ಪ್ರಿಂಟ್, ಬಿಳಿ. ಲೆಂಟೈನಸ್ ಕುಲದ್ದು ಅಂತ ನಾನೇ ಚೀಟಿ ಬರೆದೆ. ಜೂನಿಯರ್ ಅದರ ಎಲ್‌ಎಸ್‌ಯು (ವಂಶ ಗುರುತಿಸಲು ಬಳಸುವ ಡಿಎನ್‌ಎ ಭಾಗ) ಸೀಕ್ವೆನ್ಸ್ ತೆಗೆದು ಟ್ರೀ, ಅಂದರೆ ವಂಶವೃಕ್ಷ, ಹಾಕಿದಳು. ಲೆಂಟೈನಸ್‌ನ ಗಣವಾದ ಪಾಲಿಪೊರೇಲ್ಸ್‌ನಲ್ಲಿ ಕೂರಬೇಕಾದ್ದು ರುಸುಲೇಲ್ಸ್ ಅನ್ನೋ ಬೇರೆ ಗಣಕ್ಕೆ ಹೋಗಿ ಆರಿಸ್ಕಾಲ್ಪಿಯಂ ಅನ್ನೋ ಅಣಬೆಯ ಮಗ್ಗುಲಲ್ಲಿ ಕೂತಿತ್ತು. ಆರಿಸ್ಕಾಲ್ಪಿಯಂಗೆ ಗಿಲ್ಲೇ ಇಲ್ಲ, ಕೊಡೆಯಡಿ ಬರೀ ಮುಳ್ಳು. ಅದೇ ವಾರ ಅದೇ ಬೆಂಚಿನಲ್ಲಿ ಹೆರಿಸಿಯಂ ಅನ್ನೋ ಇನ್ನೊಂದು ಅಣಬೆಯ ಡಿಎನ್‌ಎ ತೆಗೆದಿದ್ದೆವು. ಅದೂ ಮುಳ್ಳಿನದು, ಅದೂ ರುಸುಲೇಲ್ಸ್. ನನಗೆ ಅಷ್ಟೇ ಸಾಕಾಯಿತು.

“ಸರ್, ಡಿಎನ್‌ಎ ಹಾಕದ ನೆಗೆಟಿವ್‌ನಲ್ಲಿ ಬ್ಯಾಂಡ್ ಇಲ್ಲ, ಬೆರಕೆಯ ಗುರುತಿಲ್ಲ. ಹೆರಿಸಿಯಂ ಸೀಕ್ವೆನ್ಸ್‌ಗೂ ಇದಕ್ಕೂ ಹೊಂದೋದಿಲ್ಲ” ಅಂದಳು. ಅದೊಂದೇ ಮಾತು ಸಾಕಿತ್ತು, ಅಲ್ವಾ? ಬೆರೆತಿದ್ದರೆ ಹೊಂದಲೇಬೇಕಿತ್ತು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಪಾಪ, ಒಂದು ವಾರ ಕೂತು ಎಲ್ಲ ಮತ್ತೆ ಮಾಡಿದಳು. ಟ್ರೀಯಲ್ಲಿ ಅದೇ ಜಾಗ.

ಆವತ್ತು ಸಂಜೆ ಒಣಗಿದ ಗಿಲ್‌ನ ಚೂರೊಂದನ್ನು ಸ್ಲೈಡ್ ಮೇಲಿಟ್ಟು, ಕೆಲವು ಸ್ಪೋರ್‌ಗಳನ್ನು ಕಪ್ಪುನೀಲಿಗೆ ತಿರುಗಿಸುವ ಅಯೋಡಿನ್ ದ್ರಾವಣ ಮೆಲ್ಜರ್ ಹಾಕಿದೆ. ಮೊದಲೇ ಹಾಕಬೇಕಿತ್ತು. ಆದರೆ ಮೆಲ್ಜರ್‌ಗೆ ಕ್ಲೋರಲ್ ಹೈಡ್ರೇಟ್ ಬೇಕು, ಅದನ್ನು ತರಿಸಲು ಆಫೀಸಿನವರು ಕೇಳುವ ಸಹಿಗಳಿಗೆ ಲೆಕ್ಕವಿಲ್ಲ. ಹಾಗಾಗಿ ಇರೋ ಬಾಟಲಿಯನ್ನೇ ಹನಿ ಹನಿ ಉಳಿಸುತ್ತೇವೆ. ಸೀಕ್ವೆನ್ಸಿಂಗ್‌ಗೆ ಮಾತ್ರ ದುಡ್ಡು ತಕ್ಷಣ ಸಿಗುತ್ತದೆ. ಈ ಪದ್ಧತಿ ಬದಲಾಗಲೇಬೇಕು.

ಆಯಿಲ್ ಹಾಕಿ 100ಎಕ್ಸ್‌ಗೆ ತಿರುಗಿಸಿದೆ. ಮೊದಲು ಎಲ್ಲ ಹಳದಿ. ಫೋಕಸ್ ಮಾಡುತ್ತಾ ಹೋದೆ. ಅವಳು ಹಿಂದೆ ನಿಂತಿದ್ದಳು, ಮಾತಿಲ್ಲ. ಒಂದು ಸ್ಪೋರ್ ಕಂಡಿತು. ಲೆಂಟೈನಸ್ ಆಗಿದ್ದರೆ ಉದ್ದಕ್ಕಿರಬೇಕು, ನುಣುಪಾಗಿರಬೇಕು, ಬಣ್ಣ ತಿರುಗಬಾರದು. ಇದು ಗುಂಡಗೆ, ಚಿಕ್ಕದು, ಮೈಮೇಲೆ ಸಣ್ಣ ಸಣ್ಣ ಮುಳ್ಳು, ಕಪ್ಪುನೀಲಿ. ಲೆಂಟಿನೆಲ್ಲಸ್! ಗಿಲ್ ಇರುವ ಅಣಬೆಯೇ, ಆದರೆ ಆರಿಸ್ಕಾಲ್ಪಿಯಂ ಮನೆತನದ್ದೇ. ಹೋಲಿಕೆಗೆ ಇಟ್ಟಿದ್ದ ನಮ್ಮ ಡೇಟಾಸೆಟ್‌ನಲ್ಲಿ ಒಂದೂ ಲೆಂಟಿನೆಲ್ಲಸ್ ಇರಲಿಲ್ಲ, ಅದಕ್ಕೇ ಮುಳ್ಳಿನವುಗಳ ನಡುವೆ ಒಂಟಿಯಾಗಿ ಕೂತಿತ್ತು.

ನೋವಾಗಿದ್ದು ಯಾಕೆ ಗೊತ್ತಾ? ಇದನ್ನೇ ನಾನು ವರ್ಷಾ ವರ್ಷಾ ಪಾಠ ಮಾಡುತ್ತೇನೆ. 1821ರಲ್ಲಿ ಅಣಬೆತಜ್ಞ ಫ್ರೀಸ್ ಗಿಲ್, ರಂಧ್ರ, ಮುಳ್ಳು ನೋಡಿ ಅಣಬೆಗಳನ್ನು ವಿಂಗಡಿಸಿದ. ಆದರೆ ಗಿಲ್ ಅನ್ನೋದು ಒಂದೇ ಸಲ ಹುಟ್ಟಿದ್ದಲ್ಲ. ಕಡಿಮೆ ಜಾಗದಲ್ಲಿ ಜಾಸ್ತಿ ಸ್ಪೋರ್ ಬಿಡಲು ಅನುಕೂಲ ಅಂತ ಬೇರೆ ಬೇರೆ ವಂಶಗಳಲ್ಲಿ ಬೇರೆ ಬೇರೆಯಾಗಿ ಬಂದಿದೆ. ಪ್ಯಾಕ್ಸಿಲಸ್ ಅನ್ನೋ ಅಣಬೆಗೆ ಗಿಲ್ ಇದೆ, ಆದರೆ ಅದು ಹೆಚ್ಚಾಗಿ ರಂಧ್ರದವೇ ಇರುವ ಬೊಲೆಟೇಲ್ಸ್ ಗಣದ್ದು. ಗಿಲ್ಲೇ ಇಲ್ಲದ, ಚೆಂಡಿನಂಥ ಪಫ್‌ಬಾಲ್ ಬಟನ್ ಅಣಬೆಗೆ ಹತ್ತಿರದ ನೆಂಟ. 2001ರಲ್ಲಿ ಡಿಎನ್‌ಎ ನೋಡಿ ಕೊಪ್ರೈನಸ್ ಅನ್ನೋ ಒಂದೇ ಕುಲ ಒಡೆದು 4 ಕುಲಗಳಾದ ಕಥೆಯನ್ನೂ ಹೇಳುತ್ತೇನೆ. ಇಷ್ಟೆಲ್ಲ ಗೊತ್ತಿದ್ದೂ, ನಾನು ಬರೆದ ಚೀಟಿಯನ್ನು ನಂಬಿ ಅವಳ ಕೈಕೆಲಸವನ್ನು ಅನುಮಾನಿಸಿದೆ.

ಮುಂದಿನ ಮೀಟಿಂಗ್‌ನಲ್ಲಿ ಎಲ್ಲರೆದುರೇ ಕ್ಷಮೆ ಕೇಳಿದೆ. ಈಗ ಹೊಸ ಸ್ಯಾಂಪಲ್ ಬಂದರೆ ಮೊದಲು ಮೆಲ್ಜರ್, ಆಮೇಲೆ ಡಿಎನ್‌ಎ.

ಒಣಗಿಸಿದ ಮಾದರಿಗಳನ್ನು ಇಡುವ ಹರ್ಬೇರಿಯಂನಲ್ಲಿ ಹಳೆಯ ಚೀಟಿ ಕಿತ್ತು ಹಾಕುವಂತಿಲ್ಲ. ನನ್ನ ಕೈಬರಹದ ಲೆಂಟೈನಸ್ ಅಲ್ಲೇ ಇದೆ. ಅದರ ಕೆಳಗೆ ಅಂಟಿಸಿದ ಲೆಂಟಿನೆಲ್ಲಸ್ ಚೀಟಿಯಲ್ಲಿ, ಗುರುತಿಸಿದವರು ಅನ್ನೋ ಕಡೆ, ಅವಳ ಹೆಸರಿದೆ.