ಅಂಗಳಕ್ಕೆ ಹತ್ತಿದ ಟೇಪಿನ ಅಂಟು

ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆ ಅಂಗಳಕ್ಕೆ ಅಪ್ಪ ಹೋದ ವರ್ಷ ಡಿಸೈನ್ ಕಾಂಕ್ರೀಟ್ ಹಾಕಿಸಿದ್ದರು. ಹಸಿ ಕಾಂಕ್ರೀಟಿನ ಮೇಲೆ ಬಣ್ಣದ ಪುಡಿ ಉದುರಿಸಿ, ರಬ್ಬರ್ ಅಚ್ಚು ಒತ್ತಿ, ಒಣಗಿದ ಮೇಲೆ ಸೀಲರ್ ಅನ್ನುವ ಹೊಳಪಿನ ಕೋಟ್ ಹಚ್ಚುತ್ತಾರಲ್ಲ, ಅದು. ನೋಡಲು ಥೇಟ್ ಕಲ್ಲಿನ ಪರಸಿ ಹಾಗೇ ಇದೆ. ಸಂಜೆ ಆದರೆ ಅಪ್ಪ ಅಲ್ಲೇ ಕುರ್ಚಿ ಹಾಕಿಕೊಂಡು ಕೂಡುತ್ತಾರೆ.

ಏಪ್ರಿಲ್‌ನಲ್ಲಿ ತಂಗಿಯ ನಿಶ್ಚಯ ಆಯಿತು. ಹಂದರ ಹಾಕುವವರು ಹಸಿರು ಮ್ಯಾಟ್ ಹಾಸಿ, ಅಂಚಿಗೆಲ್ಲ ಎರಡೂ ಕಡೆ ಅಂಟುವ ಟೇಪ್ ಹಚ್ಚಿದ್ದರು. ಎರಡು ದಿನ ಹಾಗೇ ಇತ್ತು. ನಮ್ಮ ಕಡೆ ಬಿಸಿಲು ಗೊತ್ತಲ್ವಾ, ಆ ಬಿಸಿಲಿಗೆ ಅಂಟು ಕರಗಿ ಡಿಸೈನಿನ ಸಂದಿಯೊಳಗೆಲ್ಲ ಇಳಿದಿತ್ತು. ಮ್ಯಾಟ್ ಕಿತ್ತರೆ ಉದ್ದಕ್ಕೂ ಕಂದು ಪಟ್ಟೆ. ಕಾಲಿಟ್ಟರೆ ಚಪ್ಪಲಿ ಹಿಡಿಯುತ್ತಿತ್ತು, ಮರುದಿನಕ್ಕೆ ಧೂಳು ಕೂತು ಕರ್ರಗಾಯಿತು.

ನಾನು ಮೊದಲು ಥಿನ್ನರ್ ತಂದೆ. ಬಟ್ಟೆ ಅದ್ದಿ ನಾಲ್ಕು ಸಲ ತಿಕ್ಕಿದೆ ಅಷ್ಟೆ. ಬಟ್ಟೆಗೆ ಅಂಟಿನ ಜೊತೆ ಕಪ್ಪು ಬಣ್ಣವೂ ಬಂತು, ಅಂಗೈ ಅಗಲದ ಜಾಗ ಹೊಳಪು ಕಳೆದುಕೊಂಡು ಬೂದಿ ಹಾಗೆ ಕಂಡಿತು. ಎದೆ ಧಸಕ್ ಅಂತು. ಅಪ್ಪ ಏನೂ ಬೈಯಲಿಲ್ಲ, ಆ ಜಾಗದ ಮೇಲೆ ಸುಮ್ನೆ ಕೈ ಆಡಿಸಿದರು. ಬೈದಿದ್ದರೇ ಒಳ್ಳೆಯದಿತ್ತು ಅನ್ನಿಸಿತು.

ಕೆಲಸ ಮಾಡಿದ್ದ ಗೌಂಡಿ ಕಾಕಾನಿಗೆ ಫೋನ್ ಮಾಡಿದೆ. "ತಮ್ಮಾ, ನೀ ತಿಕ್ಕಿದ್ದು ಕಲೆ ಅಲ್ಲ, ಮ್ಯಾಲಿನ ಕೋಟ್. ಥಿನ್ನರ್ ಹತ್ತಿದ್ರ ಅದು ಕರಗತೈತಿ. ಆಸಿಡ್ ಅಂತೂ ಮುಟ್ಟಬ್ಯಾಡ, ಸಿಮೆಂಟ್‌ನ್ಯಾಗಿನ ಸುಣ್ಣಾನ ತಿಂತೈತಿ. ಮೊದಲ ಒಂದ್ ಹನಿ ನೀರು ಹಾಕಿ ನೋಡು" ಅಂದರು. ಹಾಕಿದೆ. ನಡು ಅಂಗಳದಲ್ಲಿ ನೀರು ಕೆಸುವಿನ ಎಲೆ ಮೇಲಿನ ಹನಿಯಂತೆ ಗುಂಡಗೆ ನಿಂತಿತು, ಅಂದರೆ ಕೋಟ್ ಗಟ್ಟಿ ಇದೆ. ಗೇಟಿನ ಹತ್ತಿರ ಗಾಡಿ ಓಡಾಡಿ ಕೋಟ್ ಸವೆದಿತ್ತು, ಅಲ್ಲಿ ಹನಿ ತಕ್ಷಣ ಇಂಗಿ ನೆಲ ಕಪ್ಪಾಯಿತು. ಎರಡಕ್ಕೂ ಮದ್ದು ಬೇರೆ ಬೇರೆ.

ಮರುದಿನ ನೆಲ ತಂಪಿರುವಾಗಲೇ, ಬೆಳಿಗ್ಗೆ ಆರಕ್ಕೆ ಕೂತೆ. ಪ್ಲಾಸ್ಟಿಕ್ ಚೀಲದಲ್ಲಿ ಐಸ್ ತುಂಬಿ ಅಂಟಿನ ಮೇಲೆ ಹತ್ತು ನಿಮಿಷ ಇಡುವುದು, ಅಂಟು ಬಿರುಸಾದ ಕೂಡಲೇ ಹಳೆಯ ಎಟಿಎಂ ಕಾರ್ಡಿನಿಂದ ಕೆರೆಯುವುದು. ಅವ್ವ ಖುರಪಿ ತಂದುಕೊಟ್ಟಳು, ಬೇಡ ಅಂದೆ, ಕಬ್ಬಿಣ ಗೀರು ಬೀಳಿಸುತ್ತದೆ. ಸಂದಿಯಲ್ಲಿ ಉಳಿದದ್ದಕ್ಕೆ ಬಟ್ಟೆಯ ತುದಿಯಿಂದ ಶೇಂಗಾ ಎಣ್ಣೆ ಹಚ್ಚಿ ಕಾಲು ಗಂಟೆ ಬಿಟ್ಟೆ. ಆಮೇಲೆ ಬೆರಳಿಂದ ಉಜ್ಜಿದರೆ ಅಂಟು ಸಣ್ಣ ಸಣ್ಣ ಶಾವಿಗೆ ಎಳೆಯಾಗಿ ಸುರುಳಿ ಸುತ್ತಿ ಬಂತು ನೋಡಿ, ಅಬ್ಬಾ, ಎಷ್ಟು ಸಮಾಧಾನ! ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರು, ಪ್ಲಾಸ್ಟಿಕ್ ಬ್ರಶ್‌ನಿಂದ ಎಣ್ಣೆ ಜಿಡ್ಡು ಪೂರ್ತಿ ತೊಳೆದೆ.

ಗೇಟಿನ ಹತ್ತಿರ ಎಣ್ಣೆ ಹಾಕಿದರೆ ಅದೇ ಹೊಸ ಕಲೆ ಆಗುತ್ತದೆ. ಅಲ್ಲಿ ಕೋಟ್ ಇರಲಿಲ್ಲವಾದ್ದರಿಂದ ಖಡು ಪುಡಿಗೆ, ಅಂದರೆ ಸೀಮೆಸುಣ್ಣದ ಪುಡಿಗೆ, ಥಿನ್ನರ್ ಕಲಸಿ, ಗಟ್ಟಿ ಜುಣಕದ ಹದಕ್ಕೆ ಮಾಡಿ ಬಳಿದು, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ರಾತ್ರಿ ಬಿಟ್ಟೆ. ಥಿನ್ನರ್ ಅಂಟನ್ನು ಕರಗಿಸುತ್ತದೆ, ಹಾಳೆ ತೆಗೆದ ಮೇಲೆ ಪುಡಿ ಒಣಗುತ್ತಾ ಅದನ್ನು ಮೇಲಕ್ಕೆ ಹೀರಿಕೊಳ್ಳುತ್ತದೆ. ಹತ್ತಿರ ಬೆಂಕಿ, ಬೀಡಿ ಯಾವುದೂ ಇರಬಾರದು, ಮುಖಕ್ಕೆ ಮಾಸ್ಕ್ ಬೇಕು. ಎರಡು ಸಲ ಮಾಡಬೇಕಾಯಿತು. ಓರೆಯಾಗಿ ನೋಡಿದರೆ ಈಗಲೂ ತೆಳು ನೆರಳು ಕಾಣುತ್ತದೆ.

ನಾನು ಕೆಡಿಸಿದ ಜಾಗಕ್ಕೆ ಕಾಕಾ ಒಂದು ಸಂಜೆ ಬಂದು ಬಣ್ಣ ಹೊಂದಿಸಿ, ತೆಳ್ಳಗೆ ಎರಡು ಸಲ ಸೀಲರ್ ಹಚ್ಚಿಕೊಟ್ಟರು. ಗೇಟಿನ ಹತ್ತಿರವೂ ಹಚ್ಚಿದರು.

ಮದುವೆಗೆ ಮತ್ತೆ ಹಂದರದವರು ಬಂದಾಗ ಅಪ್ಪ ಗೇಟಿನಲ್ಲೇ ನಿಂತಿದ್ದರು. "ಟೇಪ್ ಬ್ಯಾಡ್ರಿ, ಇಟ್ಟಂಗಿ ತರಿಸೀನಿ, ಅಂಚಿಗೆ ಅವನ್ನ ಇಡ್ರಿ" ಅಂದರು. ಮ್ಯಾಟಿನ ಸುತ್ತ ಇಟ್ಟಿಗೆಗಳನ್ನು ಒಂದೊಂದಾಗಿ ತಾವೇ ಜೋಡಿಸಿದರು.