ಕಿರುಚಿತ್ರದ ಕೆಲ್ಸ ಎಲ್ಲಿಗೆ ಬಂತು: ಕೂಗಿನ ಸೀನ್ ಅಂತೂ ಲಾಕ್ ಆಯ್ತು

ಅಂತೂ ಇಂತೂ ನನ್ನ ಕಿರುಚಿತ್ರದಲ್ಲಿ ಅಮ್ಮ ಕಾಣೆಯಾದ ಮಗಳನ್ನ ಕೂಗೋ ಸೀನ್ ಲಾಕ್ ಮಾಡಿದೆ ಮಾರಾಯ್ರೆ, ಅಂದ್ರೆ ಇನ್ನು ಅದರ ಎಡಿಟ್ ಮುಟ್ಟಲ್ಲ. ಶೂಟಿಂಗು, ಸಿಂಕು (ಚಿತ್ರಕ್ಕೆ ಶಬ್ದ ಹೊಂದಿಸೋದು), ರಫ್ ಕಟ್ಟು (ಮೊದಲ ಕಚ್ಚಾ ಜೋಡಣೆ) ಎಲ್ಲಾ ಮಾಮೂಲಿ, ಅದನ್ನ ಬಿಡಿ. ನನ್ನ ತಲೆ ತಿಂದಿದ್ದು ಒಂದೇ ಒಂದು ಶಬ್ದ.

ಕಥೆ ಇಷ್ಟೇ. ತೀರ್ಥಹಳ್ಳಿ ಕಡೆ ಒಂಟಿಮನೆ, ಅಪ್ಪ ಪಿಯು ಕಾಲೇಜಲ್ಲಿ ಫಿಸಿಕ್ಸ್ ಲೆಕ್ಚರರ್, ಅಮ್ಮ, ಒಬ್ಳೇ ಮಗಳು. ಆಷಾಢದ ಮಳೇಲಿ ಮಗಳು ಕಾಣೆ. ಹಳ್ಳ ತಗೊಂಡೋಯ್ತು ಅಂತ ಊರೋರೆಲ್ಲ ಹೇಳ್ತಾರೆ, ಆದ್ರೆ ಹೆಣ ಸಿಗಲ್ಲ. ಮೊದಲ ಸೀನಲ್ಲೇ ಅಪ್ಪ ಮಗಳಿಗೆ ಎದುರು ಗುಡ್ಡಕ್ಕೆ ಕೂಗಿ ಎಣಿಸೋದು ಕಲಿಸಿರ್ತಾನೆ, ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ, ಗುಡ್ಡ 170 ಮೀಟರ್ ದೂರ, ಹೋಗಿ ಬರಕ್ಕೆ ಒಂದು ಸೆಕೆಂಡ್. ಮಗಳು ಹೋದ್ಮೇಲೆ ಅಮ್ಮ ದಿನಾ ಅಂಗಳದ ತುದೀಲಿ ನಿಂತು ಹೆಸರು ಹಿಡಿದು ಕೂಗ್ತಾಳೆ, ಒಂದಿನ ಉತ್ತರ ತಡವಾಗಿ ಬರುತ್ತೆ. ಆ ರಾತ್ರಿಯಿಂದ ಅಪ್ಪ ನಕ್ಷೆ ಮೇಲೆ ಕೈವಾರ ಇಟ್ಕೊಂಡು ಸುತ್ತು ಎಳೆಯಕ್ಕೆ ಶುರು ಮಾಡ್ತಾನೆ. ಪ್ರತಿಧ್ವನಿ ಆದ್ರೆ ಲೆಕ್ಕ ಇದೆ, ಮಗು ಆದ್ರೆ ಎಂತ ಲೆಕ್ಕ?

ಕಥೆ ನಡೆಯೋದು 2008ರಲ್ಲಿ. ಸ್ಟೇಷನ್ನಲ್ಲಿ 'ನೆಂಟರ ಮನೇಲಿ ವಿಚಾರ್ಸಿ, ನಾಳೆ ಬನ್ನಿ' ಅಂತ ವಾಪಸ್ ಕಳ್ಸೋ ಸೀನ್ ನಂಗೆ ಬೇಕಿತ್ತು, 2013ರಲ್ಲಿ ಸುಪ್ರೀಂ ಕೋರ್ಟು ಮಗು ಕಾಣೆ ಅಂತ ದೂರು ಬಂದ್ರೆ ಎಫ್‌ಐಆರ್ ಹಾಕ್ಲೇಬೇಕು, ಅಪಹರಣ ಇರಬಹುದು ಅಂದ್ಕೊಂಡೇ ತನಿಖೆ ಶುರು ಮಾಡ್ಬೇಕು ಅಂದಿರೋದ್ರಿಂದ ಈಗಿನ ಕಾಲಕ್ಕೆ ಆ ಸೀನ್ ಹಾಗೇ ಕೂರಲ್ಲ. ಮೊಬೈಲ್ ನೆಟ್‌ವರ್ಕ್ ಇಲ್ಲ ಅಂತ ಸಬೂಬು ಹೇಳೋ ಕೆಲ್ಸಾನೂ ತಪ್ತು (ನಮ್ಮೂರಲ್ಲಿ ಈಗ್ಲೂ ಇಲ್ಲ, ಆ ಮಾತು ಬೇರೆ).

ಈಗ ವಿಷಯಕ್ಕೆ ಬರ್ತೀನಿ. ಮೊದ್ಲು ಕಂಪ್ಯೂಟರಲ್ಲೇ ಪ್ಲಗಿನ್ ಹಾಕಿ ಡಿಲೇ, ರಿವರ್ಬ್ (ಶಬ್ದ ತಡವಾಗಿ ಮರುಕಳಿಸೋ, ಗುಂಯ್‌ಗುಡೋ ಎಫೆಕ್ಟು) ಕೊಟ್ಟು ನೋಡಿದ್ವಿ, ಪಕ್ಕಾ ದೇವಸ್ಥಾನದ ಮೈಕು. ಎದುರು ಗುಡ್ಡದ ಪ್ರತಿಧ್ವನಿನೇ ಹಿಡಿಯೋಣ ಅಂದ್ರೆ ಅಲ್ಲಿ ಪೂರಾ ಕಾಡು, ಎಲೆಗಳು ಶಬ್ದಾನ ಚದುರಿಸಿ ನುಂಗಿಬಿಡ್ತವೆ. ಕೊನೆಗೆ ಹೊಸನಗರ ಕಡೆ ಬಿಟ್ಟುಹೋದ ಒಂದು ಕಲ್ಲು ಕ್ವಾರಿಲಿ ಬಲೂನ್ ಒಡೆದು ರೆಕಾರ್ಡ್ ಮಾಡ್ಕೊಂಡು, ಅದನ್ನ ಕನ್ವಲ್ಯೂಷನ್ನಿಗೆ (ಒಂದು ಜಾಗದ ಪ್ರತಿಧ್ವನಿ ಗುಣಾನ ಬೇರೆ ಶಬ್ದಕ್ಕೆ ಹಚ್ಚೋ ಲೆಕ್ಕ) ಹಾಕಿ ಅಮ್ಮನ ಕೂಗಿಗೆ ಪ್ರತಿಧ್ವನಿ ಮಾಡಿದ್ವಿ. ಅದು ಸರಿ ಬಂತು. ಉಳಿದಿದ್ದು ಮಗಳ ಉತ್ತರ.

ಹಾಲಿವುಡ್ಡಿನ ಸೌಂಡ್ ಡಿಸೈನರ್ ವಾಲ್ಟರ್ ಮರ್ಚ್ ಮಾಡ್ತಿದ್ದ ಹಾಗೆ, ಸ್ಟುಡಿಯೋ ಧ್ವನೀನ ನಿಜವಾದ ಜಾಗದಲ್ಲಿ ಸ್ಪೀಕರಲ್ಲಿ ಬಿಟ್ಟು ಮತ್ತೆ ರೆಕಾರ್ಡ್ ಮಾಡೋಣ ಅಂತ ಶಾಮಿಯಾನದವರ ಹತ್ರ ಹಾರ್ನ್ ಸ್ಪೀಕರ್ ತಂದು ಗುಡ್ಡದ ಮೇಲೆ ಕಟ್ಟಿದ್ವಿ. ಮಗು 'ಅಮ್ಮಾ, ಇಲ್ಲಿದೀನಿ' ಅಂದಿದ್ದು ಎಲೆಕ್ಷನ್ ಪ್ರಚಾರದ ಹಾಗೆ ಕೇಳ್ತು. ಅಷ್ಟು ಸಾಲ್ದು ಅಂತ ಆಚೆಮನೆ ಅಜ್ಜ ಕತ್ತಿ, ಟಾರ್ಚ್ ಹಿಡ್ಕೊಂಡು ಓಡಿ ಬಂದ್ರು, 'ಯಾರ ಮಗು ಅದು, ಎಲ್ಲಿ ಬಿತ್ತು?' ಅಂತ. ವಿಷಯ ಹೇಳಿದ್ಮೇಲೆ ಅವರು ಬೈದಿದ್ದೂ ಟ್ರ್ಯಾಕಲ್ಲಿದೆ, ಬಹಳ ಕ್ಲೀನ್ ಆಡಿಯೋ.

ಇದರ ಮಧ್ಯೆ ಬೆಂಗಳೂರಿನ ಮೈಕ್ ಬಾಡಿಗೆ ಪಾರ್ಟಿ ಕಥೆ. ಎಮ್‌ಕೆಎಚ್ 416 ಅನ್ನೋ ಮೈಕ್ ಕೇಳಿದ್ದೆ, ಅದು ಆರ್‌ಎಫ್ ಕಂಡೆನ್ಸರ್ ಜಾತಿ, ತೇವಕ್ಕೆ ಜಗ್ಗಲ್ಲ. ಬಂದಿದ್ದು ಯಾವ್ದೋ ಮಾಮೂಲಿ ಕಂಡೆನ್ಸರ್ರು, 'ಎಲ್ಲಾ ಒಂದೇ ಸರ್' ಅಂತ ಫೋನಲ್ಲಿ ಸಮಾಧಾನ ಬೇರೆ. ನಮ್ಮ ಮಳೆಗಾಲದ ಹವೆಗೆ ಅರ್ಧ ಗಂಟೇಲಿ ಚಟಪಟ ಶುರು. ಅದನ್ನ ಸಿಲಿಕಾ ಜೆಲ್ ಜೊತೆ ಡಬ್ಬಿಗೆ ಹಾಕಿ ಬಚ್ಚಲೊಲೆ ಹತ್ರ ಇಟ್ಟು ಒಣಗಿಸ್ಕೊಂಡು ಕೆಲ್ಸ ಮಾಡಿದ್ವಿ, ತುಪ್ಪಳದ ವಿಂಡ್‌ಶೀಲ್ಡು ಈಗ್ಲೂ ಹೊಗೆ ವಾಸ್ನೆ. ವಾಪಸ್ ಕಳಿಸ್ದಾಗ 'ಮೈಕ್ ಡ್ಯಾಮೇಜ್' ಅಂತ ಅಡ್ವಾನ್ಸಲ್ಲಿ ಕಟ್!

ಸಂಜೆ ಜೀರುಂಡೆ, ರಾತ್ರಿ ಕಪ್ಪೆ, ಹಗಲು ಮಳೆ ಬಿಟ್ಟು ಸ್ವಲ್ಪ ಹೊಳವಾಯ್ತು ಅಂದ್ರೆ ಪ್ರತಿ ತೋಟದಲ್ಲೂ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯೋ ಮೋಟ್ರು. ಉಳಿದಿದ್ದು ಬೆಳಗಿನ ಜಾವ ಮಾತ್ರ. ಆ ಹೊತ್ತಲ್ಲಿ ಕಣಿವೆಲಿ ತಣ್ಣನೆ ಗಾಳಿ ಕೆಳಗೆ ಕೂತಿರುತ್ತೆ, ಮೇಲಿಂದು ಸ್ವಲ್ಪ ಬೆಚ್ಚಗೆ, ಅದಕ್ಕೇ ಶಬ್ದ ಮೇಲೆ ಹಾರಿಹೋಗ್ದೆ ಬಾಗಿ ಕೆಳಗೇ ಬರುತ್ತೆ. ಸ್ಪೀಕರ್ ಕೈಬಿಟ್ಟು, ನಟಿಸಿದ ಮಗೂನೇ ಅವಳಮ್ಮನ ಜೊತೆ ಗುಡ್ಡ ಹತ್ತಿಸಿದ್ವಿ. ಇಂಬಳ (ಜಿಗಣೆ) ಕಚ್ಚಿದ್ದಕ್ಕೆ ಅವಳ ರೇಟು: ಎರಡು ಐಸ್‌ಕ್ರೀಮು.

ಆಗ್ಲೂ 'ಇಲ್ಲಿದೀನಿ' ಅನ್ನೋದು ಕೇಳಿಸ್ಲಿಲ್ಲ. ದೂರದಲ್ಲಿ ವ್ಯಂಜನಗಳೇ ಮೊದ್ಲು ಸಾಯೋದು, ಹೈ ಫ್ರೀಕ್ವೆನ್ಸಿ ಎಲ್ಲ ಗಾಳೀಲಿ, ಎಲೇಲಿ ಹೋಗ್ಬಿಡುತ್ತೆ. ಡೈಲಾಗೇ ಕಿತ್ತು ಬಿಸಾಕಿದೆ. ಬರೀ 'ಊ...' ಅನ್ನು ಪುಟ್ಟಿ ಅಂದೆ, ನಮ್ಮಲ್ಲಿ ತೋಟದಿಂದ ಮನೆಗೆ ಓಗೊಡ್ತಾರಲ್ಲ, ಹಾಗೆ. ಹೆಡ್‌ಫೋನಲ್ಲಿ ಕೇಳಿ ಕೈಮೇಲಿನ ಕೂದ್ಲು ನಿಂತ್ಕೊಂಡ್ವು, ಆ ಟೇಕಿನ ಬಾಲದಲ್ಲೇ ವಿಸ್ಲಿಂಗ್ ಥ್ರಷ್ ಹಕ್ಕಿ ಒಂದು ಥೇಟ್ ಹುಡುಗರ ಥರ ಸಿಳ್ಳೆ ಹೊಡೀತು. ಅದನ್ನೂ ಇಟ್ಕೊಂಡಿದೀನಿ, ಅಪ್ಪನಿಗೆ 'ಹಕ್ಕಿ ಕಣೆ ಅದು' ಅಂತ ಹೆಂಡ್ತಿ ಬಾಯಿ ಮುಚ್ಸಕ್ಕೆ ಒಂದು ನೆಪ ಬೇಕಿತ್ತು.

ನಂದಿನ್ನು ಮುಗೀತು ಅಂದ್ಕೊಂಡು ತಮ್ಮನಿಗೆ ತೋರ್ಸಿದ್ರೆ, 'ಅಣ್ಣ, ಸಿಂಕ್ ಹೋಗಿದೆ ನೋಡು' ಅಂದ! ಉತ್ತರ ಎರಡು ಸೆಕೆಂಡಿಗೆ ಬಂದಿದ್ದು ಅವನಿಗೆ ಎಡಿಟಿಂಗ್ ತಪ್ಪು ಥರ ಕಾಣ್ತು. ಎರಡು ದಿನ ಮಾತಾಡ್ಲಿಲ್ಲ ಅವನ ಹತ್ರ. ಆಮೇಲೆ ಹೊಳೀತು, ನಿಜವಾದ ಪ್ರತಿಧ್ವನಿ ಒಂದು ಸೆಕೆಂಡಿಗೆ ಬಂದು ಹೋಗ್ಬೇಕು, ಅಮ್ಮ ಒಳಗೆ ಹೋಗಕ್ಕೆ ತಿರುಗಬೇಕು, ಅದಾದ್ಮೇಲೆ 'ಊ...'. ತಮ್ಮ ಈ ಸಲ ಎಂತದೂ ಹೇಳದೆ ಹಿಂದಕ್ಕೆ ಎಳೆದು ಇನ್ನೊಂದ್ಸಲ ಕೇಳ್ದ.

ಮುಂದಿನದ್ದು ಈಗ್ಲೇ ತಲೇಲಿ ಕೂತಿದೆ. ಲಿಂಗನಮಕ್ಕಿ ಹಿನ್ನೀರು ಇಳಿದಾಗ ಎದ್ದು ಬರೋ, ಮುಳುಗಿದ ಹಳೇ ಮಡೆನೂರು ಡ್ಯಾಮಿನ ಸೈಫನ್ (ನೀರು ಹೊರಗೆ ಬಿಡೋ ಕೊಳವೆ) ಒಳಗೆ ಶಬ್ದ ಹೆಂಗೆ ಸುತ್ತುತ್ತೆ ಅಂತ ಕೇಳ್ಬೇಕು, ಬಲೂನ್ ಪ್ಯಾಕೆಟ್ ಇನ್ನೂ ಅರ್ಧ ಇದೆ. ಅದಕ್ಕೆ ಮೊದ್ಲು ಇದರ ಕಲರ್ (ಚಿತ್ರದ ಬಣ್ಣ ಹದಮಾಡೋದು) ಮುಗಿಸ್ಬೇಕು, ಆ ಬಾಡಿಗೆ ಪಾರ್ಟಿ ಹತ್ರ ಅಡ್ವಾನ್ಸ್ ವಸೂಲಿ ಮಾಡ್ಬೇಕು. ಕಲರ್ರೇ ಬೇಗ ಮುಗಿಯುತ್ತೆ ಅನ್ಸುತ್ತೆ.